ಅಮ್ಮನ ಹಣೆಯ ಬಿಳಿ ಮಚ್ಚೆ: ನೇರಳೆ ಲೈಟ್ ಹಾಕಿ ನೋಡಿದರೆ ಸಾಕಾ, ಚರ್ಮ ಕತ್ತರಿಸಿ ಟೆಸ್ಟ್ ಮಾಡಿಸಲೇಬೇಕಾ?

ಹನುಮಂತನಗರದ ಮಗ:

ಎಲ್ಲರಿಗೂ ನಮಸ್ಕಾರ. ನಮ್ಮ ಅಮ್ಮನಿಗೆ 54 ವರ್ಷ. ಹಣೆಯಲ್ಲಿ ಸ್ಟಿಕ್ಕರ್ ಇಡುವ ಜಾಗದಲ್ಲೇ ಬಿಳಿ ಮಚ್ಚೆ ಆಗಿದೆ. ಮೊದಲು ಸ್ಟಿಕ್ಕರ್‌ನಷ್ಟೇ ದುಂಡಗೆ ಇತ್ತು. ಆಗ ಸ್ವಲ್ಪ ಕೆರೆತವೂ ಇತ್ತಂತೆ, ಯಾರಿಗೂ ಹೇಳಿರಲಿಲ್ಲ. ಮಚ್ಚೆ ಮುಚ್ಚಲು ಇನ್ನೂ ದೊಡ್ಡ ಸ್ಟಿಕ್ಕರ್ ಇಡಲು ಶುರು ಮಾಡಿದರು. ಈಗ ಹುಬ್ಬಿನ ಕಡೆಗೆ ಹರಡಿದೆ. ಪಾದದ ಮೇಲೆ ಹವಾಯಿ ಚಪ್ಪಲಿಯ ಪಟ್ಟಿ ಕೂರುವ ಜಾಗವೂ ಬೆಳ್ಳಗಾಗುತ್ತಿದೆ.

ಸರ್ಕಾರಿ ಆಸ್ಪತ್ರೆಯ ಚರ್ಮದ ಒಪಿಡಿಗೆ ಕರೆದುಕೊಂಡು ಹೋಗಿದ್ದೆ. ಡಾಕ್ಟರಮ್ಮ ಕೋಣೆಯ ಲೈಟ್ ಆರಿಸಿ, ಒಂದು ನೇರಳೆ ದೀಪ ಹಿಡಿದು ನೋಡಿದರು. ಆಮೇಲೆ ಲೆನ್ಸ್ ಇರುವ ಟಾರ್ಚ್ ಥರದ್ದು ಹಣೆಗೆ ಇಟ್ಟು ತುಂಬಾ ಹೊತ್ತು ನೋಡಿದರು. "ತೊನ್ನಿನ ಥರಾನೇ ಇದೆ, ಸ್ಟಿಕ್ಕರ್ ಅಂಟಿನಿಂದ ಶುರುವಾಗಿರಬಹುದು. ಸ್ಟಿಕ್ಕರ್, ಹವಾಯಿ ಚಪ್ಪಲಿ ಎರಡೂ ಬಿಡಿ" ಅಂದರು. ಹಚ್ಚೋಕೆ ಮುಲಾಮು ಕೊಟ್ಟು, ಥೈರಾಯ್ಡ್ ಟೆಸ್ಟ್ ಬರೆದು, ಮತ್ತೆ ಬರಲು ಹೇಳಿದ್ದಾರೆ. ಫೋಟೋ ತೆಗೆಯಲಿಲ್ಲ.

ಆಮೇಲೆ ನೆಂಟರೊಬ್ಬರು ಒತ್ತಾಯ ಮಾಡಿ ಖಾಸಗಿ ಕ್ಲಿನಿಕ್ ಒಂದಕ್ಕೆ ಕರೆದುಕೊಂಡು ಹೋದರು. ಅಲ್ಲಿ "ದೀಪ ಹಿಡಿದು ನೋಡಿದರೆ ಏನೂ ಗೊತ್ತಾಗಲ್ಲ, ಮೈಯೆಲ್ಲ ಸ್ಕಿನ್ ಸ್ಕ್ಯಾನ್ ಮಾಡಿಸಿ, ಇಲ್ಲ ಹಣೆಯಿಂದ ಚೂರು ಚರ್ಮ ತೆಗೆದು ಬಯಾಪ್ಸಿಗೆ ಕಳಿಸೋಣ" ಅಂದರು. ಪ್ಯಾಕೇಜ್ ಸಾವಿರಗಟ್ಟಲೆ. ಹಣೆ ಕೊಯ್ಯುತ್ತಾರೆ ಅಂತ ಕೇಳಿದಾಗಿನಿಂದ ಅಮ್ಮ ಯಾವ ಆಸ್ಪತ್ರೆಗೂ ಬರಲ್ಲ ಅಂತಿದ್ದಾರೆ.

ಇನ್ನೊಂದು ಭಯ. ಆ ನೇರಳೆ ಬೆಳಕಿನಲ್ಲಿ ಕಣ್ಣಿನ ಪಕ್ಕ ಎರಡು ಚುಕ್ಕೆ ಹೊಳೆದವು. ಹಗಲು ಹೊತ್ತು ಅಲ್ಲಿ ಏನೂ ಕಾಣಿಸುತ್ತಿರಲಿಲ್ಲ. ದೀಪದಿಂದಲೇ ಆಯಿತು ಅಂತ ಅಮ್ಮ ನಂಬಿದ್ದಾರೆ. ಸೋದರತ್ತೆ ಬೇರೆ ಬಂದು "ಅಂಟುತ್ತೆ, ಹುಳಿ ಮೊಸರು ಬಿಡು" ಅಂತ ಹೇಳಿ ಹೋದ ಮೇಲೆ ತಮ್ಮ ತಟ್ಟೆ ಲೋಟ ಬೇರೆ ಇಟ್ಟುಕೊಂಡಿದ್ದಾರೆ. ಅದನ್ನು ನೋಡೋಕೆ ಆಗುತ್ತಿಲ್ಲ. ಗೊತ್ತಿರುವವರು ಹೇಳಿ.

ಕತ್ತಲೆಕೋಣೆ:

ನಾನು ಡಾಕ್ಟರ್ ಅಲ್ಲ. ಇಲ್ಲೇ ಬೆಂಗಳೂರಿನ ಒಂದು ಆಸ್ಪತ್ರೆಯ ಚರ್ಮ ವಿಭಾಗದಲ್ಲಿ ಫೋಟೋ ತೆಗೆಯುವವನು. ಮೊದಲು ಚಾಮರಾಜಪೇಟೆಯ ಸ್ಟುಡಿಯೋ ಒಂದರಲ್ಲಿ ಮದುವೆ ಫೋಟೋ ತೆಗೆಯುತ್ತಿದ್ದೆ. ಈಗ ಎಷ್ಟೋ ವರ್ಷಗಳಿಂದ ಚರ್ಮದ್ದೇ ಕೆಲಸ. ಔಷಧಿ ವಿಷಯ ಡಾಕ್ಟರಿಗೆ ಬಿಡುತ್ತೇನೆ. ಲೈಟ್ ಮತ್ತು ಚಿತ್ರದ ವಿಷಯ ಹೇಳಬಲ್ಲೆ.

ಎಲ್ಲಕ್ಕಿಂತ ಮೊದಲು ಆ ತಟ್ಟೆ ಲೋಟ ಇವತ್ತೇ ಒಳಗೆ ತಂದು ಎಲ್ಲರದರ ಜೊತೆ ಸೇರಿಸಿ. ತೊನ್ನು ಅಂಟುವ ಕಾಯಿಲೆ ಅಲ್ಲ. ಮುಟ್ಟಿದರೆ, ಜೊತೆಗೆ ಉಂಡರೆ, ಬಟ್ಟೆ ಹಂಚಿಕೊಂಡರೆ ಬರುವುದಿಲ್ಲ. ಕುಷ್ಠಕ್ಕೂ ಇದಕ್ಕೂ ಸಂಬಂಧ ಇಲ್ಲ. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳು ಅಲ್ಲಿ ಇಲ್ಲವಾಗಿವೆ, ಅಷ್ಟೇ. ಮೊಸರನ್ನವನ್ನೂ ಧಾರಾಳವಾಗಿ ಉಣ್ಣಲಿ.

ಈಗ ದೀಪ. ಅದರ ಹೆಸರು ವುಡ್ಸ್ ಲ್ಯಾಂಪ್. ರಾಬರ್ಟ್ ವುಡ್ ಎಂಬ ಅಮೆರಿಕದ ಭೌತವಿಜ್ಞಾನಿ 1903ರಲ್ಲಿ ಮಾಡಿದ್ದು. ಚರ್ಮದ ಡಾಕ್ಟರುಗಳು 1925ರಲ್ಲಿ ಕೂದಲಿನ ಫಂಗಸ್ ಹುಡುಕಲು ಬಳಸಿದರು. ಆಮೇಲೆ ಬಿಳಿ ಮಚ್ಚೆಗೂ ಬಂತು. ಅದರಿಂದ ಬರುವುದು ಸುಮಾರು 365 ನ್ಯಾನೋಮೀಟರ್ ತರಂಗಾಂತರದ ಅತಿನೇರಳೆ ಬೆಳಕು. ನಮ್ಮ ಚರ್ಮದ ಬಣ್ಣ, ಅಂದರೆ ಮೆಲನಿನ್, ಆ ಬೆಳಕನ್ನು ನುಂಗಿಬಿಡುತ್ತದೆ. ಬಣ್ಣ ಇಲ್ಲದ ಕಡೆ ಬೆಳಕು ಕೆಳಗಿನ ಪದರದವರೆಗೂ ಇಳಿಯುತ್ತದೆ. ಅಲ್ಲಿನ ಕೊಲಾಜನ್ ಎಂಬ ನಾರು ಸಣ್ಣಗೆ ಹೊಳೆಯುತ್ತದೆ. ಆ ಹೊಳಪನ್ನು ತಡೆಯೋಕೆ ಮೇಲೆ ಬಣ್ಣ ಇಲ್ಲವಲ್ಲ, ಹಾಗಾಗಿ ಮಚ್ಚೆ ಸುಣ್ಣದಂಥ ನೀಲಿ ಬಿಳಿಯಾಗಿ ಎದ್ದು ಕಾಣುತ್ತದೆ.

ಕಣ್ಣಿನ ಪಕ್ಕದ ಎರಡು ಚುಕ್ಕೆ ಮೊದಲೇ ಇದ್ದವು. ಬಣ್ಣ ಕಡಿಮೆಯಾಗಲು ಶುರುವಾಗಿರುವ ಜಾಗ ಹಗಲಿನಲ್ಲಿ ಕಣ್ಣಿಗೆ ಸಿಗುವುದಿಲ್ಲ, ಈ ಬೆಳಕಿಗೆ ಸಿಗುತ್ತದೆ. ಕೆಲವು ಸೆಕೆಂಡ್ ದೀಪ ಹಿಡಿದಿದ್ದರಿಂದ ಮಚ್ಚೆ ಹುಟ್ಟುವುದಿಲ್ಲ. ಅಮ್ಮನಿಗೆ ಇದನ್ನು ಸಮಾಧಾನವಾಗಿ ಹೇಳಿ. ಬೇಗ ಕಂಡಿದ್ದು ಒಳ್ಳೆಯದೇ ಆಯಿತು.

ಈ ದೀಪ ಹೇಳದ ಒಂದು ಮಾತಿದೆ: ಮಚ್ಚೆ ಬಂದ ಕಾರಣ. ಅಂಟಿನ ರಾಸಾಯನಿಕದಿಂದ ಬಣ್ಣ ಹೋದರೂ, ತಾನಾಗಿ ಬಂದ ತೊನ್ನಾದರೂ ಹೊಳಪು ಒಂದೇ ಥರ. ಅಗ್ಗದ ಸ್ಟಿಕ್ಕರ್‌ಗಳ ಅಂಟಿನಲ್ಲಿ ಪ್ಯಾರಾ ಟರ್ಷಿಯರಿ ಬ್ಯುಟೈಲ್ ಫೀನಾಲ್ ಎಂಬುದು ಇರಬಹುದು, ಕೆಲವು ರಬ್ಬರ್ ಚಪ್ಪಲಿಗಳಲ್ಲಿ ಹೈಡ್ರೋಕ್ವಿನೋನ್‌ಗೆ ಸೇರಿದ ಇನ್ನೊಂದು. ಎರಡೂ ಬಣ್ಣದ ಕೋಶಗಳಿಗೆ ವಿಷ. ಆದ್ದರಿಂದ ಕಾರಣ ಸಿಗುವುದು ನಿಮ್ಮ ಮಾತಿನಲ್ಲಿ: ಸ್ಟಿಕ್ಕರ್‌ನಷ್ಟೇ ದುಂಡಗೆ ಇತ್ತು, ಕೆರೆತ ಇತ್ತು, ಚಪ್ಪಲಿ ಪಟ್ಟಿಯ ಜಾಗದಲ್ಲೂ ಬಂತು. ಡಾಕ್ಟರಮ್ಮ ಇದನ್ನೆಲ್ಲ ಕೇಳಿಯೇ ಹೇಳಿದ್ದಾರೆ. ಆ ಎರಡನ್ನೂ ಬಿಡಿಸುವುದೇ ಮೊದಲ ಚಿಕಿತ್ಸೆ.

ಬೇರೆ ಮಚ್ಚೆಗಳಿಂದ ಇದನ್ನು ಬೇರ್ಪಡಿಸೋಕೆ ಮಾತ್ರ ದೀಪ ತುಂಬಾ ಸಹಾಯ ಮಾಡುತ್ತದೆ. ಚಿಬ್ಬು ಆಗಿದ್ದರೆ ಎಷ್ಟೋ ಸಲ ಹಳದಿ ಛಾಯೆ ಬರುತ್ತದೆ. ಕುಷ್ಠದ ಮಚ್ಚೆ ಹೀಗೆ ಸುಣ್ಣದ ಬಿಳುಪಾಗಿ ಹೊಳೆಯುವುದಿಲ್ಲ, ಅಲ್ಲಿ ಸ್ಪರ್ಶವೂ ಕಡಿಮೆ ಇರುತ್ತದೆ. ಡಾಕ್ಟರಮ್ಮ ಹತ್ತಿ ಸವರಿ ಗೊತ್ತಾಗುತ್ತಾ ಅಂತ ಕೇಳಿದ್ದರೆ ಅದಕ್ಕೇ.

ಎರಡನೆಯ ಸಾಧನ, ನೀವು ಲೆನ್ಸ್ ಇರುವ ಟಾರ್ಚ್ ಅಂದಿರಲ್ಲ, ಅದು ಡರ್ಮೋಸ್ಕೋಪ್. ಸಾಮಾನ್ಯವಾಗಿ 10 ಪಟ್ಟು ದೊಡ್ಡದು ಮಾಡಿ ತೋರಿಸುತ್ತದೆ, ಚರ್ಮದ ಮೇಲಿನ ಪಳಪಳ ಹೊಳಪನ್ನು ತೆಗೆದುಹಾಕುತ್ತದೆ. ನಾನು ಅದಕ್ಕೆ ಕ್ಯಾಮೆರಾ ಜೋಡಿಸಿ ದಿನಾ ಫೋಟೋ ತೆಗೆಯುತ್ತೇನೆ. ಜನ ಮಚ್ಚೆಯ ನಡುವಿನ ಬಿಳಿಯನ್ನೇ ನೋಡುತ್ತಾರೆ. ಡಾಕ್ಟರುಗಳು ನೋಡುವುದು ಅಂಚನ್ನು, ಆಮೇಲೆ ಕೂದಲ ಬುಡವನ್ನು. ಅಂಚು ಗೆರೆ ಎಳೆದ ಹಾಗೆ ಸ್ಪಷ್ಟವಾಗಿದ್ದರೆ ಮಚ್ಚೆ ನಿಂತಿರುವ ಸಾಧ್ಯತೆ ಜಾಸ್ತಿ. ಅಂಚು ಕಲಸಿಹೋಗಿದ್ದು, ಆಚೆ ಚಿಕ್ಕ ಚಿಕ್ಕ ಬಿಳಿ ಚುಕ್ಕೆ ಚೆಲ್ಲಿದ್ದರೆ ಹರಡುತ್ತಿದೆ ಎಂದು ಅನುಮಾನ ಪಡುತ್ತಾರೆ. ಆ ಚುಕ್ಕೆಗಳಿಗೆ ನಮ್ಮ ದೇಶದ ಡಾಕ್ಟರುಗಳೇ ಸಾಬಕ್ಕಿ ಕಾಳಿನ ಹೆಸರು ಇಟ್ಟಿದ್ದಾರೆ. ಪರದೆ ಮೇಲೆ ನೋಡಿದರೆ ನಿಜವಾಗಿಯೂ ನೆನೆದ ಸಾಬಕ್ಕಿ ಹಾಗೇ ಇರುತ್ತದೆ.

ಕೂದಲ ಬುಡ ಯಾಕೆ ಅಂದರೆ, ಬಣ್ಣದ ಕೋಶಗಳ ದಾಸ್ತಾನು ಇರುವುದು ಅಲ್ಲಿ. ಮಚ್ಚೆಯೊಳಗಿನ ರೋಮ ಕಪ್ಪಾಗಿದ್ದರೆ ಬಣ್ಣ ಮರಳುವ ಆಸೆ ಜಾಸ್ತಿ. ರೋಮವೂ ಬೆಳ್ಳಗಾಗಿದ್ದರೆ ಕಷ್ಟ. ಕೂದಲಿಲ್ಲದ ಬೆರಳ ತುದಿ, ತುಟಿ ಕೂಡ ಅದಕ್ಕೇ ಹಟ ಮಾಡುತ್ತವೆ. ಹಣೆ, ಮುಖದ ಭಾಗ ಸಾಮಾನ್ಯವಾಗಿ ಚೆನ್ನಾಗಿ ಸ್ಪಂದಿಸುತ್ತದೆ.

ನಾನು ಎಲ್ಲರಿಗೂ ಒತ್ತಿ ಹೇಳುವ ಮಾತು ಇಲ್ಲಿದೆ. ಕೂದಲ ಬುಡದ ಸುತ್ತ ಕಂದು ಚುಕ್ಕೆ ಕಂಡರೆ ಅದಕ್ಕೆ ಎರಡು ಅರ್ಥ ಇರಬಹುದು. ಬಣ್ಣ ಹೋಗುತ್ತಾ ಹೋಗುತ್ತಾ ಕೊನೆಗೆ ಉಳಿದ ಚೂರು ಇರಬಹುದು. ಹೋದ ಬಣ್ಣ ಮರಳಿ ಬರುತ್ತಿರುವ ಮೊದಲ ಚೂರೂ ಇರಬಹುದು. ಒಂದೇ ಚಿತ್ರ, ಎರಡು ತದ್ವಿರುದ್ಧ ಸುದ್ದಿ. ಯಾವುದು ನಿಜ ಅಂತ ಹೇಳುವುದು ಹಿಂದಿನ ಫೋಟೋ ಮಾತ್ರ. ಹಾಗಾಗಿ ಫೋಟೋ ತೆಗೆಯಲಿಲ್ಲ ಅಂದಿರಲ್ಲ, ಅದು ನನಗೆ ಬೇಜಾರಾಯಿತು. ಒಪಿಡಿಯಲ್ಲಿ ಜನ ಸಾಲು ನಿಂತಿರುತ್ತಾರೆ, ಡಾಕ್ಟರನ್ನು ದೂರುವುದಿಲ್ಲ. ಮುಂದಿನ ಸಲ ನೀವೇ ಕೇಳಿ: "ಮೇಡಂ, ಇದರ ಒಂದು ಫೋಟೋ ಇಟ್ಟುಕೊಳ್ಳಬಹುದಾ, ಮುಂದಿನ ಸಲ ಹೋಲಿಸೋಕೆ?" ಬೇಡ ಅನ್ನುವವರನ್ನು ನಾನು ನೋಡಿಲ್ಲ.

ಬಯಾಪ್ಸಿ ಬಗ್ಗೆ: ನೋಡಿದ ಕೂಡಲೇ ಗೊತ್ತಾಗುವ ತೊನ್ನಿಗೆ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಅನುಮಾನ ಉಳಿದಾಗ, ಬೇರೆ ಕಾಯಿಲೆ ಇರಬಹುದು ಅನ್ನಿಸಿದಾಗ ಮಾಡುತ್ತಾರೆ, ಆಗ ಬೇಡ ಅನ್ನಬಾರದು. ಆ ಸ್ಕ್ಯಾನ್ ಪ್ಯಾಕೇಜ್ ಯಾವುದು ಅಂತ ನೀವು ಬರೆದಿಲ್ಲ. ಕಾನ್ಫೋಕಲ್ ಮೈಕ್ರೋಸ್ಕೋಪ್ ಅಂತ ಒಂದಿದೆ. ಲೇಸರ್ ಬೆಳಕಿನಿಂದ ಚರ್ಮ ಕತ್ತರಿಸದೆ 0.2ರಿಂದ 0.3 ಮಿಲಿಮೀಟರ್ ಆಳದವರೆಗೆ ಒಂದೊಂದು ಕೋಶವನ್ನೂ ತೋರಿಸುತ್ತದೆ. ಆರೋಗ್ಯವಾದ ಚರ್ಮದಲ್ಲಿ ಬಣ್ಣದ ಕೋಶಗಳು ಹೊಳೆಯುವ ಉಂಗುರಗಳ ಹಾಗೆ ಸಾಲಾಗಿ ಕಾಣುತ್ತವೆ, ತೊನ್ನಿನಲ್ಲಿ ಆ ಉಂಗುರಗಳೇ ಇರುವುದಿಲ್ಲ. ತುಂಬಾ ಚೆಂದದ ಯಂತ್ರ. ಆದರೆ ಹೆಚ್ಚಾಗಿ ಸಂಶೋಧನೆಗೆ ಬಳಕೆ. ಅಮ್ಮನಂಥ ಸರಳ ಕೇಸಿಗೆ ದುಡ್ಡು ಸುರಿಯುವ ಮೊದಲು ಕ್ಲಿನಿಕ್‌ನವರನ್ನು ಕೇಳಿ: "ಈ ಸ್ಕ್ಯಾನ್‌ನಲ್ಲಿ ಏನು ಬಂದರೆ ನೀವು ಚಿಕಿತ್ಸೆ ಬದಲಾಯಿಸುತ್ತೀರಿ?" ಉತ್ತರ ಸ್ಪಷ್ಟವಾಗಿ ಬರದಿದ್ದರೆ ಎದ್ದು ಬನ್ನಿ.

ದಯವಿಟ್ಟು ಅಮ್ಮನ ಫೋಟೋ ಇಲ್ಲಿ ಹಾಕಬೇಡಿ. ಮುಖ ಅದು.

ಪೀಣ್ಯ ಫಿಟ್ಟರ್:

ಅಣ್ಣ, ನನಗೆ ಮೊಣಕೈ, ಬೆರಳ ಗೆಣ್ಣು, ಸೊಂಟದಲ್ಲಿ ಉಡುದಾರ ಉಜ್ಜುವ ಜಾಗದಲ್ಲಿ ಇದೆ. ಉಜ್ಜಿದ ಕಡೆ, ಗಾಯವಾದ ಕಡೆ ಹೊಸದು ಬರುತ್ತದೆ ಅಂತ ಡಾಕ್ಟರ್ ಹೇಳಿದ ಮೇಲೆ ಉಡುದಾರ ತೆಗೆದೆ. ಮನೆಯಲ್ಲಿ ಅಜ್ಜಿ ಒಪ್ಪಲಿಲ್ಲ, ಆಮೇಲೆ ಸುಮ್ಮನಾದರು.

311 ನ್ಯಾನೋಮೀಟರ್‌ನ ಅತಿನೇರಳೆ ಲೈಟ್ ಚಿಕಿತ್ಸೆ ತೆಗೆದುಕೊಳ್ಳುತ್ತಿದ್ದೇನೆ. ಶಿಫ್ಟ್ ಮುಗಿಸಿ ಹೋಗಿ, ಕನ್ನಡಕ ಹಾಕಿಕೊಂಡು ಪೆಟ್ಟಿಗೆ ಒಳಗೆ ನಿಲ್ಲಬೇಕು. ಮೊದಮೊದಲು ಏನೂ ಬದಲಾವಣೆ ಇಲ್ಲ. ಬಿಡೋಣ ಅಂತ ಇದ್ದೆ. ಆಗ ಅಲ್ಲಿನ ಜೂನಿಯರ್ ಡಾಕ್ಟರ್ ಹಳೇ ಫೋಟೋ ಮತ್ತು ಆವತ್ತಿನ ಫೋಟೋ ಪಕ್ಕಪಕ್ಕ ಇಟ್ಟು ಕಂಪ್ಯೂಟರ್‌ನಲ್ಲಿ ತೋರಿಸಿದರು. ಮೊಣಕೈಯ ಬಿಳಿ ಮಧ್ಯೆ ಒಂದೊಂದು ಕೂದಲ ಬುಡದಲ್ಲೂ ಕಂದು ಚುಕ್ಕೆ. ಹಳೇದರಲ್ಲಿ ಅದು ಇರಲಿಲ್ಲ. ಬರಿಗಣ್ಣಿಗೆ ಇನ್ನೂ ಏನೂ ಕಾಣುತ್ತಿರಲಿಲ್ಲ. ಮೇಲೆ ಕತ್ತಲೆಕೋಣೆಯವರು ಬರೆದಿದ್ದಾರಲ್ಲ, ಅದೇ. ಆ ಫೋಟೋ ನೋಡಿರದಿದ್ದರೆ ನಾನು ಖಂಡಿತ ನಿಲ್ಲಿಸಿಬಿಡುತ್ತಿದ್ದೆ. ಈಗ ಮೊಣಕೈ ಅರ್ಧಕ್ಕಿಂತ ಜಾಸ್ತಿ ತುಂಬಿದೆ. ಗೆಣ್ಣು ಮಾತ್ರ ಹಾಗೇ ಇದೆ.

ಅಮ್ಮನಿಗೆ ಧೈರ್ಯ ಹೇಳಿ. ಮೂರು ತಿಂಗಳು ಕೂಡ ಆಗದೆ ಫಲ ಇಲ್ಲ ಅಂತ ಯಾವ ಚಿಕಿತ್ಸೆಯನ್ನೂ ಬಿಡಬೇಡಿ.

ಎಸ್‌ಪಿ ರೋಡ್ ಅಭಿಮಾನಿ:

ದೀಪಕ್ಕೆ ಆಸ್ಪತ್ರೆವರೆಗೆ ಯಾಕೆ ಹೋಗಬೇಕು? ಎಸ್‌ಪಿ ರೋಡ್‌ನಲ್ಲಿ ನೋಟು ಚೆಕ್ ಮಾಡುವ ಯುವಿ ಟಾರ್ಚ್ ಸಿಗುತ್ತದೆ. ಮನೆಯಲ್ಲೇ ವಾರ ವಾರ ನೋಡಿಕೊಳ್ಳಬಹುದಲ್ವಾ?

ಕತ್ತಲೆಕೋಣೆ:

ಒಳ್ಳೆಯ ಮನಸ್ಸಿನಿಂದ ಹೇಳಿದ್ದೀರಿ, ಆದರೆ ಬೇಡ. ಆ ಅಗ್ಗದ ಟಾರ್ಚ್‌ಗಳು ಹೆಚ್ಚಾಗಿ 395 ನ್ಯಾನೋಮೀಟರ್‌ನವು. ಅದರಲ್ಲಿ ಕಣ್ಣಿಗೆ ಕಾಣುವ ನೇರಳೆ ಬೆಳಕು ತುಂಬಾ ಸೋರುತ್ತದೆ. ಚರ್ಮದ ಸಣ್ಣ ಹೊಳಪು ಆ ನೇರಳೆಯಲ್ಲಿ ಮುಳುಗಿಹೋಗುತ್ತದೆ. ನಮ್ಮ ದೀಪಕ್ಕೆ ಕಾಣುವ ಬೆಳಕನ್ನು ತಡೆಯುವ ಕಪ್ಪು ಫಿಲ್ಟರ್ ಗಾಜು ಇರುತ್ತದೆ, ಕೋಣೆಗೂ ಪೂರ್ತಿ ಕತ್ತಲೆ ಬೇಕು. ಅದಕ್ಕಿಂತ ಮುಖ್ಯವಾಗಿ, ಮುಖದ ಮೇಲೆ ಟಾರ್ಚ್ ಹಿಡಿದಾಗ ಅದು ಕಣ್ಣಿಗೆ ಹೊಡೆಯುತ್ತದೆ. ನಾವು ಮುಖಕ್ಕೆ ದೀಪ ಹಿಡಿಯುವ ಮೊದಲು ಕಣ್ಣು ಮುಚ್ಚಿಸುತ್ತೇವೆ.

ಮನೆಯಲ್ಲಿ ಹೊಳೆಯುವುದೆಲ್ಲ ತೊನ್ನೂ ಅಲ್ಲ. ಬಟ್ಟೆಯ ಸೋಪಿನ ಪುಡಿಯಲ್ಲಿ ಬಿಳುಪು ಹೆಚ್ಚಿಸುವ ವಸ್ತು ಇರುತ್ತದೆ, ಅದು ಈ ಬೆಳಕಿನಲ್ಲಿ ಧಗಧಗ ಹೊಳೆಯುತ್ತದೆ. ಬಿಳಿ ಶರ್ಟ್ ಹಾಕಿಕೊಂಡು ಬಂದವರ ಕತ್ತಿನ ಫೋಟೋ ತೆಗೆದರೆ ಶರ್ಟಿನ ಬೆಳಕೇ ಕತ್ತಿಗೆ ಬಿದ್ದು ಎಲ್ಲ ಬಿಳಿಚಿಕೊಂಡ ಹಾಗೆ ಕಾಣುತ್ತದೆ. ಅದಕ್ಕೆ ನನ್ನ ಕೋಣೆಯಲ್ಲಿ ಒಂದು ಕಪ್ಪು ಬಟ್ಟೆ ಇಟ್ಟಿದ್ದೇನೆ, ಎಲ್ಲರಿಗೂ ಹೊದಿಸುತ್ತೇನೆ. ಟವೆಲ್‌ನ ನೂಲಿನ ಎಳೆ, ವ್ಯಾಸಲೀನ್ ಹೊಳೆಯುತ್ತವೆ. ಸನ್‌ಸ್ಕ್ರೀನ್ ಉಲ್ಟಾ ಕಪ್ಪಾಗಿ ಕಾಣಿಸಬಹುದು. ಇದೆಲ್ಲ ಗೊತ್ತಿಲ್ಲದೆ ಮನೆಯಲ್ಲಿ ಟಾರ್ಚ್ ಹಿಡಿದರೆ ಇಲ್ಲದ ಮಚ್ಚೆ ಕಂಡು ಅಮ್ಮ ಇನ್ನೂ ಹೆದರುತ್ತಾರೆ.

ಶ್ರೀರಾಂಪುರದ ಅಕ್ಕ:

ತಮ್ಮಾ, ನನಗೂ ಸ್ಟಿಕ್ಕರ್‌ನಿಂದಲೇ ಆಗಿದ್ದು. ಸ್ಟಿಕ್ಕರ್ ಬಿಟ್ಟು, ಡಾಕ್ಟರ್ ಕೊಟ್ಟ ಮುಲಾಮು ಹಚ್ಚಿದೆ. ನಿಧಾನವಾಗಿ ಸುಮಾರಾಗಿ ತುಂಬಿಕೊಂಡಿದೆ. ಎಲ್ಲರಿಗೂ ಹಾಗೇ ಆಗುತ್ತದೆ ಅಂತ ಹೇಳುವುದಿಲ್ಲ. ನನ್ನ ಓರಗಿತ್ತಿಗೆ ಸ್ಟಿಕ್ಕರ್ ಬಿಟ್ಟ ಮೇಲೂ ಬೇರೆ ಕಡೆ ಬಂತು.

ನಿಮ್ಮ ಅಮ್ಮನ ಸಂಕಟ ನನಗೆ ಅರ್ಥವಾಗುತ್ತದೆ. ಬರೀ ಹಣೆಯಲ್ಲಿ ಹೊರಗೆ ಹೋಗೋದು ಹೇಗೆ ಅಂತಲೇ ಅವರು ಇನ್ನೂ ದೊಡ್ಡದು ಇಟ್ಟಿದ್ದು. ನಮ್ಮ ಕಡೆ ಹೆಂಗಸರಿಗೆ ಅದು ಸಣ್ಣ ವಿಷಯ ಅಲ್ಲ. ಬೈಯಬೇಡಿ. ಕುಂಕುಮ ಇಡಬಹುದಾ ಅಂತ ಡಾಕ್ಟರನ್ನೇ ಕೇಳಿ, ಕೆಲವರಿಗೆ ಅಂಗಡಿ ಕುಂಕುಮದ ಬಣ್ಣವೂ ಆಗುವುದಿಲ್ಲ. ನನಗೆ ಮಚ್ಚೆಯಿಂದ ಮೇಲೆ, ಬೈತಲೆ ಬುಡದಲ್ಲಿ ಚೂರೇ ಚೂರು ಇಟ್ಟುಕೊಳ್ಳಿ ಅಂದರು. ಅಷ್ಟಕ್ಕೆ ನನ್ನ ಜೀವ ಬಂದಂತಾಯಿತು. ಅರಿಶಿನ ಕುಂಕುಮಕ್ಕೆ ನೀವೇ ಜೊತೆಗೆ ಕರೆದುಕೊಂಡು ಹೋಗಿ.

ಹನುಮಂತನಗರದ ಮಗ:

ಎಲ್ಲರಿಗೂ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಅಕ್ಕ, ನಿಮ್ಮದನ್ನು ಅಮ್ಮನಿಗೆ ಓದಿ ಹೇಳಿದೆ. ಇನ್ನೊಂದು ಸಲ ಓದು ಅಂದರು. ರಾತ್ರಿ ನಾವೆಲ್ಲ ಒಟ್ಟಿಗೆ ಕೂತು ಊಟ ಮಾಡಿದೆವು. ಮತ್ತೆ ಒಪಿಡಿಗೆ ಬರಲು ಒಪ್ಪಿದ್ದಾರೆ. ಆ ಕ್ಲಿನಿಕ್‌ಗೆ ಫೋನ್ ಮಾಡಿ ಕತ್ತಲೆಕೋಣೆ ಸರ್ ಹೇಳಿದ ಪ್ರಶ್ನೆ ಕೇಳಿದೆ. "ಡಾಕ್ಟರ್ ಹತ್ತಿರ ಮಾತಾಡಿ" ಅಂದರು, ಆಮೇಲೆ ವಾಪಸ್ ಫೋನ್ ಬರಲಿಲ್ಲ.

ಸರ್, ಟಾರ್ಚ್ ಬೇಡ, ಸರಿ. ಮೊಬೈಲಿನಲ್ಲಿ ಹಗಲು ಬೆಳಕಿನಲ್ಲಿ ನಾನೇ ಫೋಟೋ ತೆಗೆದರೆ ಡಾಕ್ಟರಿಗೆ ಉಪಯೋಗ ಆಗುತ್ತಾ? ಹೇಗೆ ತೆಗೆಯಬೇಕು? ಒಪಿಡಿಗೆ ಹೋಗುವ ದಿನ ಏನು ಜಾಗ್ರತೆ?

ಕತ್ತಲೆಕೋಣೆ:

ಖಂಡಿತ ಉಪಯೋಗ ಆಗುತ್ತದೆ, ಪ್ರತಿ ಸಲ ಒಂದೇ ಥರ ತೆಗೆದರೆ. ಮನೆಯಲ್ಲಿ ನೇರ ಬಿಸಿಲು ಬೀಳದ ಒಂದು ಕಿಟಕಿ ಆರಿಸಿ. ಪ್ರತಿ ಸಲ ಅದೇ ಕಿಟಕಿ, ಅದೇ ಹೊತ್ತು. ಟ್ಯೂಬ್‌ಲೈಟ್ ಆರಿಸಿ, ಫ್ಲ್ಯಾಶ್ ಬೇಡ. ಬ್ಯೂಟಿ ಮೋಡ್ ಆಫ್ ಮಾಡಿ. ಇದು ತುಂಬಾ ಮುಖ್ಯ. ಎಷ್ಟೋ ಫೋನ್‌ಗಳಲ್ಲಿ ಅದು ತಾನಾಗಿ ಆನ್ ಇರುತ್ತದೆ, ಮುಖದ ಕಲೆಗಳನ್ನು ಅಳಿಸಿ ಅಂಚನ್ನು ನುಣ್ಣಗೆ ಮಾಡಿಬಿಡುತ್ತದೆ. ನಮಗೆ ಬೇಕಾಗಿದ್ದು ಆ ಅಂಚೇ.

ಮಚ್ಚೆಯ ಪಕ್ಕ ಒಂದು ಸ್ಕೇಲ್ ಹಿಡಿಯಿರಿ, ಅದರ ಜೊತೆ ದಿನಾಂಕ ಬರೆದ ಬಿಳಿ ಚೀಟಿ. ಸ್ಕೇಲ್‌ನಿಂದ ಅಳತೆ ಸಿಗುತ್ತದೆ, ಚೀಟಿಯ ಬಿಳಿ ನೋಡಿ ಬಣ್ಣ ಏರುಪೇರಾಗಿದೆಯಾ ತಿಳಿಯುತ್ತದೆ. ಮೂಗಿಗೆ ಅಂಟಿಸಿದಷ್ಟು ಹತ್ತಿರ ಹೋಗಬೇಡಿ, ಹಣೆ ಉಬ್ಬಿದ ಹಾಗೆ ಬರುತ್ತದೆ. ಎರಡು ಅಡಿ ದೂರ ನಿಂತು ಎರಡು ಪಟ್ಟು ಜೂಮ್ ಮಾಡಿ. ಮಚ್ಚೆಯ ಮೇಲೆ ಬೆರಳು ಒತ್ತಿ ಹಿಡಿದರೆ ಫೋಕಸ್ಸೂ ಬೆಳಕೂ ಲಾಕ್ ಆಗುತ್ತದೆ. ಮೊದಲು ಇಡೀ ಮುಖ ಒಂದು, ಆಮೇಲೆ ಹಣೆ ಹತ್ತಿರದಿಂದ, ಕಣ್ಣಿನ ಪಕ್ಕ, ಎರಡು ಪಾದ. ತಿಂಗಳಿಗೊಮ್ಮೆ ಸಾಕು. ದಿನಾ ತೆಗೆದು ದಿನಾ ನೋಡುತ್ತಾ ಕೂತರೆ ಅಮ್ಮನಿಗೆ ನೆಮ್ಮದಿ ಇರುವುದಿಲ್ಲ. ವಾಟ್ಸಾಪ್‌ನಲ್ಲಿ ಕಳಿಸಬೇಕಾದರೆ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ಚಿಕ್ಕ ವಿವರವೆಲ್ಲ ಹೋಗುತ್ತದೆ.

ಮಾರ್ಚ್, ಏಪ್ರಿಲ್ ಬಿಸಿಲಿನ ಬಗ್ಗೆ ಎಚ್ಚರ ಇರಲಿ. ಸುತ್ತಲಿನ ಚರ್ಮ ಕಪ್ಪಾಗಿ ಮಚ್ಚೆ ಇನ್ನೂ ಬೆಳ್ಳಗೆ, ಇನ್ನೂ ದೊಡ್ಡದಾಗಿ ಕಾಣುತ್ತದೆ. ಆಗ ಹರಡಿತು ಅಂತ ಗಾಬರಿಯಾಗಬೇಡಿ, ಸ್ಕೇಲ್‌ನಲ್ಲಿ ಅಳತೆ ನೋಡಿ. ಫೋನ್ ಬೇಡ ಅನ್ನಿಸಿದರೆ ಹಳೇ ವಿಧಾನವೂ ಇದೆ. ಪಾದದ ಮಚ್ಚೆ ಮೇಲೆ ತೆಳು ಪಾರದರ್ಶಕ ಹಾಳೆ ಇಟ್ಟು ಪೆನ್ನಿನಿಂದ ಅಂಚು ಬರೆದುಕೊಳ್ಳಿ, ಗ್ರಾಫ್ ಹಾಳೆ ಮೇಲಿಟ್ಟು ಚೌಕ ಎಣಿಸಿ. ಮೈಮೇಲೆ ಎಷ್ಟಿದೆ ಅಂತ ಡಾಕ್ಟರುಗಳು ಅಂದಾಜು ಮಾಡುವುದು ರೋಗಿಯ ಅಂಗೈಯಿಂದಲೇ. ಬೆರಳೂ ಸೇರಿ ಒಂದು ಅಂಗೈ ಅಂದರೆ ಸುಮಾರು ಶೇಕಡಾ 1.

ಒಪಿಡಿ ದಿನ ಪೌಡರ್, ಕ್ರೀಮ್, ಸನ್‌ಸ್ಕ್ರೀನ್ ಬೇಡ. ಬೆಳಗಿನ ಮುಲಾಮನ್ನು ನೋಡಿಸಿಕೊಂಡು ಬಂದ ಮೇಲೆ ಹಚ್ಚಬಹುದಾ ಅಂತ ಮೊದಲೇ ಕೇಳಿಕೊಳ್ಳಿ. ಹಣೆಯಲ್ಲಿ ಸ್ಟಿಕ್ಕರ್‌ನ ಹಳೇ ಅಂಟು ಉಳಿದಿದ್ದರೆ ಹಿಂದಿನ ರಾತ್ರಿ ಕೊಬ್ಬರಿ ಎಣ್ಣೆಯಲ್ಲಿ ನಿಧಾನವಾಗಿ ತೆಗೆದು, ಸೋಪಿನಲ್ಲಿ ತೊಳೆಯಿರಿ. ಉಜ್ಜಬೇಡಿ. ಗಾಢ ಬಣ್ಣದ ಸೀರೆ ಉಡಲಿ. ಆ ಕಣ್ಣಿನ ಪಕ್ಕದ ಎರಡು ಚುಕ್ಕೆಯನ್ನು ಡಾಕ್ಟರಮ್ಮನಿಗೆ ನೀವೇ ನೆನಪಿಸಿ, ಮತ್ತೆ ದೀಪ ಹಿಡಿದು ನೋಡಿ ಅಂತ ಕೇಳಿ. ಈ ಸಲ ಫೋಟೋ ತೆಗೆಸಿಕೊಳ್ಳಿ. ಅಮ್ಮನ ಒಪ್ಪಿಗೆ ಕೇಳಿಯೇ ತೆಗೆಯಬೇಕು, ಎಲ್ಲಿ ಇಡುತ್ತಾರೆ, ಯಾರು ನೋಡುತ್ತಾರೆ ಅಂತ ಕೇಳುವ ಹಕ್ಕು ಅವರಿಗಿದೆ. ಥೈರಾಯ್ಡ್ ರಿಪೋರ್ಟ್ ಜೊತೆಗೆ ತೆಗೆದುಕೊಂಡು ಹೋಗಿ. ಅಲ್ಲಿಂದ ಬಂದ ಮೇಲೆ ಏನಂದರು ಅಂತ ಇಲ್ಲಿ ಬರೆಯಿರಿ, ನಾನು ನೋಡುತ್ತಿರುತ್ತೇನೆ.